ಶಾಲೆಗೆ ತಂದ ಕಾಂಪೋಸ್ಟ್ ಡ್ರಮ್, ಒಂದು ಮಳೆಗಾಲ ಕಳೆದ ಮೇಲೆ

ಡ್ರಮ್ ಕೆಟ್ಟದ್ದಲ್ಲ, ಮೊದಲೇ ಹೇಳಿಬಿಡುತ್ತೇನೆ. ಅದರ ಜೊತೆ ಒಂದು ಚೀಟಿ ಬರುತ್ತದಲ್ಲ, ಅದನ್ನು ಬರೆದವರು ನಮ್ಮೂರಿನ ಮಳೆ ನೋಡಿದವರಲ್ಲ.

ನಮ್ಮದು ಸುರತ್ಕಲ್ ಕಡೆಯ ಸರ್ಕಾರಿ ಶಾಲೆ, ನಾನು ಅದರ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿದ್ದೇನೆ. ಬಿಸಿಯೂಟ ಮುಗಿದ ಮೇಲೆ ದಿನಕ್ಕೆ ಐದಾರು ಕೆಜಿ ಉಳಿಯುತ್ತದೆ. ಅನ್ನ, ಸಾಂಬಾರಿನ ನುಗ್ಗೆಕಾಯಿ ಸಿಪ್ಪೆ, ಕರಿಬೇವು, ಮೊಟ್ಟೆ ಕೊಟ್ಟ ದಿನ ಅದರ ಚಿಪ್ಪು. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ಗುಡ್ಡ ಮಳೆಗೆ ಜಾರಿ ಪಕ್ಕದ ಮಂದಾರ ಅನ್ನುವ ಊರಿನ ಮನೆ, ತೋಟಗಳ ಮೇಲೆ ಬಂದದ್ದನ್ನು ಇಲ್ಲಿ ಯಾರೂ ಮರೆತಿಲ್ಲ, ಹಾಗಾಗಿ ಶಾಲೆಯ ಕಸ ಶಾಲೆಯಲ್ಲೇ ಕೊಳೆಯಲಿ ಅಂತ ಮೀಟಿಂಗಲ್ಲಿ ಒಪ್ಪಿಸೋದು ಕಷ್ಟ ಆಗಲಿಲ್ಲ. ಕೈಯಲ್ಲಿ ತಿರುಗಿಸುವ 200 ಲೀಟರ್ ಡ್ರಮ್ ಆನ್‌ಲೈನಲ್ಲಿ ತರಿಸಿದೆವು.

ಕಸ ಹಾಕಿ, ತಿರುಗಿಸಿ, 30 ದಿನಕ್ಕೆ ಗೊಬ್ಬರ. ಚೀಟಿಯಲ್ಲಿ ಇದ್ದದ್ದು ಇಷ್ಟೇ. ನಾವು ಶುರು ಮಾಡಿದ್ದು ಜೂನ್‌ನಲ್ಲಿ, ಅನ್ನವೇ ಜಾಸ್ತಿ. ಅನ್ನ ಅಂಟಿಕೊಂಡು ತೆಂಗಿನಕಾಯಿ ಗಾತ್ರದ ಉಂಡೆ ಆಯಿತು, ಡ್ರಮ್ ತಿರುಗಿಸಿದರೆ ಒಳಗೆ ದಡಬಡ ಉರುಳುತ್ತಿತ್ತು. ಒಂದನ್ನು ಒಡೆದು ನೋಡಿದೆ. ಹೊರಗೆ ಕಪ್ಪು, ಒಳಗೆ ಅಗುಳು ಬೆಳ್ಳಗೆ ಹಾಗೇ ಇದೆ. ಗಾಳಿಯೇ ಹೋಗಿಲ್ಲ. ನಾತ ಆರನೇ ಕ್ಲಾಸಿನ ಕಿಟಕಿವರೆಗೆ.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಅಡುಗೆ ಅಕ್ಕ. "ಹಟ್ಟಿಗೆ ಸೊಪ್ಪು ತರಗೆಲೆ ಹಾಕುದಿಲ್ವಾ ಮಾರಾಯ್ರೆ, ಇದಕ್ಕೂ ಹಾಗೇ" ಅಂದರು. ಹಟ್ಟಿ ಅಂದರೆ ನಮ್ಮ ಕಡೆ ದನದ ಕೊಟ್ಟಿಗೆ. ಜೂನ್‌ನಲ್ಲಿ ಒಣ ಎಲೆ ಎಲ್ಲಿಂದ ಬರಬೇಕು? ತೆಂಗಿನ ನಾರಿನ ಪುಡಿ ದುಡ್ಡು ಕೊಟ್ಟು ತಂದೆವು. ಒಂದು ಬಕೆಟ್ ಕಸಕ್ಕೆ ಎರಡು ಬಕೆಟ್ ಒಣ ಪುಡಿ, ಅನ್ನವನ್ನು ಮೊದಲೇ ಕೈಯಲ್ಲಿ ಬಿಡಿಸಿ. ಹದ ಗೊತ್ತಾಗಲು ಒಂದು ಮುಷ್ಟಿ ತೆಗೆದು ಹಿಂಡಿ: ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ವಾರದೊಳಗೆ ನಾತ ಹೋಯಿತು, ಬೆಳಿಗ್ಗೆ ಮುಚ್ಚಳ ತೆಗೆದರೆ ಹಬೆ ಬರುತ್ತಿತ್ತು. ಆಮೇಲೆ ಬೂದು ಬಣ್ಣದ ದಪ್ಪ ಹುಳಗಳು ಬಂದವು, ಟೀಚರ್ ಹೆದರಿದರು, ಮಕ್ಕಳಿಗೆ ಮಾತ್ರ ಖುಷಿ. ಬ್ಲ್ಯಾಕ್ ಸೋಲ್ಜರ್ ಅನ್ನುವ ನೊಣದ ಮರಿ ಅದು, ಕಚ್ಚುವುದಿಲ್ಲ, ಕಸ ತಿಂದು ಮುಗಿಸುತ್ತದೆ. ಬಿಟ್ಟುಬಿಡಿ. ಬಂಗುಡೆ ಮೀನಿನ ಮುಳ್ಳು ಮಾತ್ರ ಹಾಕಬೇಡಿ, ಮೇಷ್ಟ್ರುಗಳ ಬುತ್ತಿಯದ್ದಾದರೂ ಸರಿ, ಊರಿನ ಬೆಕ್ಕೆಲ್ಲ ಬಂದು ಕೂರುತ್ತವೆ.

ಗೊಬ್ಬರ ಆಗಲು ಎರಡೂವರೆ ತಿಂಗಳು ಹಿಡಿಯಿತು. ಕಪ್ಪಗೆ, ಉದುರು ಉದುರಾಗಿ, ಮೊದಲ ಮಳೆಯ ಮಣ್ಣಿನ ವಾಸನೆ. ಶಾಲೆಯ ಬಸಳೆ ಚಪ್ಪರಕ್ಕೆ ಹಾಕಿದ್ದೇವೆ.

ಡ್ರಮ್ಮಿನ ಪ್ಲಾಸ್ಟಿಕ್ ಗಟ್ಟಿ, ಮುಚ್ಚಳ ಭದ್ರ, ಇಲಿ ನುಗ್ಗಿಲ್ಲ. ಆದರೆ ಹಿಡಿಯ ಬೋಲ್ಟು ಕಡಲ ಗಾಳಿಗೆ ಎರಡೇ ತಿಂಗಳಲ್ಲಿ ತುಕ್ಕು. ಕೆಳಗಿನ ಜಾಲರಿ ಅನ್ನದಿಂದ ಕಟ್ಟಿಕೊಂಡು ನೀರು ಇಳಿಯುವುದಿಲ್ಲ, ಕಡ್ಡಿ ಹಾಕಿ ಕೆದಕುತ್ತಾ ಇರಬೇಕು. ಕಂಪನಿಗೆ ಮೂರು ಸಲ ಫೋನ್ ಮಾಡಿದೆ, ಬೋಲ್ಟ್ ಕಳಿಸುತ್ತೇವೆ ಅಂದರು, ಇನ್ನೂ ಕಳಿಸುತ್ತಲೇ ಇದ್ದಾರೆ. ಐದಕ್ಕೆ ಮೂರು ಕೊಡಬಹುದು.

ತಗೊಳ್ಳುವವರು ಜನವರಿಯಲ್ಲಿ ತಗೊಳ್ಳಿ. ಗೇರು, ಹಲಸಿನ ಎಲೆ ಉದುರುವಾಗ ಗೋಣಿಯಲ್ಲಿ ತುಂಬಿ ಒಳಗಿಟ್ಟುಕೊಳ್ಳಿ. ಮತ್ತೆ ಒಂದು ಡ್ರಮ್ ಸಾಲುವುದಿಲ್ಲ, ಒಂದು ಮಾಗುವಾಗ ಇನ್ನೊಂದು ತುಂಬಬೇಕಲ್ವಾ. ಎರಡನೆಯದನ್ನು ನಾವು ಗುಜರಿಯಿಂದ ತಂದು, ವೆಲ್ಡಿಂಗ್ ಅಂಗಡಿಯಲ್ಲಿ ತೂತು ಹೊಡೆಸಿದ್ದೇವೆ. ನೀವೂ ಮಾಡಿಸುವುದಾದರೆ ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಿಸಿ.