ದರಿಯಾ ದೌಲತ್ ಬಾಗ್: ಅರ್ಧ ದಿನ ಮೀಸಲಿಟ್ಟು ನೋಡಬೇಕಾದ ಬೇಸಿಗೆ ಅರಮನೆ

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಪ್ರವಾಸಿಗರಲ್ಲಿ ಬಹುಪಾಲು ಮಂದಿ ರಂಗನಾಥಸ್ವಾಮಿ ದೇವಸ್ಥಾನ, ನಿಮಿಷಾಂಬ, ಸಂಗಮ, ಗುಂಬಜ್ ಎಲ್ಲವನ್ನೂ ಒಂದೇ ದಿನದ ಪಟ್ಟಿಗೆ ಸೇರಿಸಿಕೊಂಡು, ದರಿಯಾ ದೌಲತ್ತಿಗೆ ಉಳಿದ ಇಪ್ಪತ್ತು ನಿಮಿಷವನ್ನು ಕೊಡುತ್ತಾರೆ. ನಾನೂ ಮೊದಲ ಸಲ ಹಾಗೆಯೇ ನೋಡಿದವನು. ಅಂದು ನಾವು ಹತ್ತಿದ್ದ ಪ್ರವಾಸದ ವ್ಯಾನಿನ ಚಾಲಕರು ಗೇಟಿನ ಬಳಿ ಇಳಿಸಿ, ಅರ್ಧ ಗಂಟೆಯೊಳಗೆ ಬರಬೇಕೆಂದು ಹೇಳಿದ್ದರು. ಉದ್ಯಾನದ ದಾರಿಯನ್ನು ನಡೆದು, ಟಿಕೆಟ್ ತೋರಿಸಿ, ಜಗುಲಿ ಹತ್ತುವಷ್ಟರಲ್ಲಿ ಅದರಲ್ಲಿ ಅರ್ಧ ಹೊತ್ತು ಕಳೆದಿತ್ತು. ಗೋಡೆಯ ತುಂಬ ಕುದುರೆ, ಆನೆ, ಸೈನಿಕರು ಇದ್ದರೆಂಬುದನ್ನು ಬಿಟ್ಟು ಬೇರೇನೂ ನೆನಪಿನಲ್ಲಿ ಉಳಿಯಲಿಲ್ಲ. ಕಳೆದ ಚಳಿಗಾಲದಲ್ಲಿ ಮಂಡ್ಯದಿಂದ ತಾಯಿಯವರನ್ನು ಕರೆದುಕೊಂಡು, ಬೇರೆ ಯಾವ ಸ್ಥಳವನ್ನೂ ಸೇರಿಸಿಕೊಳ್ಳದೆ, ಅದೊಂದನ್ನೇ ನೋಡಲು ಹೋದೆ. ಆ ಎರಡನೆಯ ಭೇಟಿಯ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆ ಕೋಟೆಯಿಂದ ಹೊರಗೆ, ಗಂಜಾಂ ಕಡೆಗೆ ಹೋಗುವ ದಾರಿಯಲ್ಲಿ, ಕಾವೇರಿಯ ದಂಡೆಗೆ ಸಮೀಪದ ತೋಟದ ನಡುವೆ ಇದೆ. ಎತ್ತರದ ಜಗುಲಿಯ ಮೇಲೆ ತೇಗದ ಕಂಬಗಳ ಸಾಲು, ಕಂಬಗಳ ನಡುವೆ ಕಮಾನು, ಸುತ್ತಲೂ ಬಿಸಿಲು ತಡೆಯುವ ಹಸಿರು ಪರದೆಗಳು. ಅರಮನೆ ಎಂದೊಡನೆ ಮೈಸೂರಿನ ಅಂಬಾವಿಲಾಸವನ್ನು ಕಣ್ಣ ಮುಂದೆ ತಂದುಕೊಂಡು ಹೋದವರಿಗೆ ದೂರದಿಂದ ಇದು ಸಪ್ಪೆಯಾಗಿಯೇ ಕಾಣುತ್ತದೆ. ಹೊರಗಿನ ಬಿಸಿಲಿನಿಂದ ಒಳಗೆ ಬಂದೊಡನೆ ಕತ್ತಲೆಯೆನ್ನಿಸುತ್ತದೆ. ಆದ್ದರಿಂದ ಜಗುಲಿ ಹತ್ತಿದ ಮೇಲೆ ಐದು ನಿಮಿಷ ಸುಮ್ಮನೆ ನಿಲ್ಲಬೇಕು. ಕಣ್ಣು ಆ ಮಬ್ಬಿಗೆ ಹೊಂದಿಕೊಂಡಂತೆ ಗೋಡೆ, ಕಂಬ, ಮಾಳಿಗೆ ಯಾವುದರಲ್ಲೂ ಬಣ್ಣವಿಲ್ಲದ ಜಾಗವಿಲ್ಲವೆಂಬುದು ಒಂದೊಂದಾಗಿ ಗೋಚರಿಸತೊಡಗುತ್ತದೆ.

ಸಮಯದ ದೊಡ್ಡ ಪಾಲನ್ನು ಪಶ್ಚಿಮದ ಗೋಡೆಗೆ ಕೊಡಿ. ಅಲ್ಲಿರುವುದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ನಡೆದ ಪೊಳ್ಳಿಲೂರು ಕದನ. ಕರ್ನಲ್ ಬೇಯ್ಲಿಯ ಈಸ್ಟ್ ಇಂಡಿಯಾ ಕಂಪನಿ ಸೇನೆಯನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದು ಸೋಲಿಸಿದ ಈ ಕದನವನ್ನು ಕಲಾವಿದರು ಗೋಡೆಯ ಉದ್ದಕ್ಕೂ ಬಿಡಿಸಿದ್ದಾರೆ. ಚೌಕಾಕಾರವಾಗಿ ನಿಂತ ಕೆಂಪು ಅಂಗಿಯ ಪಡೆ, ಅದರ ನಡುವೆ ಸಿಡಿಯುತ್ತಿರುವ ಮದ್ದಿನ ಗಾಡಿ, ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿ, ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ ಲಾಲಿ, ಇವರನ್ನು ಒಬ್ಬೊಬ್ಬರಾಗಿ ಹುಡುಕಿ ಗುರುತಿಸಲು ಅರ್ಧ ಗಂಟೆ ಬೇಕು. ನೀಳವಾದ ಗೋಡೆಯಾದ್ದರಿಂದ ಮೊದಲು ದೂರ ನಿಂತು ಇಡೀ ಗೋಡೆಯನ್ನೂ, ಆಮೇಲೆ ಹತ್ತಿರ ಹೋಗಿ ಒಂದೊಂದು ಭಾಗವನ್ನೂ ನೋಡುವುದು ಒಳ್ಳೆಯದು.

ಇಷ್ಟು ಗದ್ದಲದ ನಡುವೆ ಆನೆಯ ಮೇಲೆ ಬರುತ್ತಿರುವ ಟಿಪ್ಪು ಗುಲಾಬಿಯೊಂದನ್ನು ಮೂಗಿನ ಬಳಿ ಹಿಡಿದಿದ್ದಾನೆ. ಅದನ್ನು ಮೊದಲು ಗುರುತಿಸಿದವರು ನಮ್ಮ ತಾಯಿ. "ಅಷ್ಟು ಜನ ಬಡ್ದಾಡಿ ಸಾಯ್ತಾವ್ರೆ, ಇವ್ರು ನೋಡು ಹೂ ಮೂಸ್ಕೊಂಡು ಬತ್ತಾವ್ರೆ" ಎಂದು ಅವರು ಬೆರಳು ತೋರಿಸಿದಾಗ, ನನಗೆ ಆ ಚಿತ್ರದ ನಿಜವಾದ ಶಕ್ತಿ ಏನೆಂದು ತಿಳಿಯಿತು. ಗೆಲುವು ಮೊದಲೇ ನಿಶ್ಚಯವಾಗಿತ್ತೆಂದು ಹೇಳಲು ಕಲಾವಿದನಿಗೆ ಒಂದು ಹೂವು ಸಾಕಾಗಿದೆ. ಇದೇ ಕದನದ ಚಿತ್ರವನ್ನು ಕಾಗದದ ಮೇಲೆ ಬಿಡಿಸಿದ ಹಳೆಯ ಪ್ರತಿಯೊಂದು 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು. ಗೋಡೆಯ ಮೇಲಿನ ಚಿತ್ರ ನಮ್ಮ ಜಿಲ್ಲೆಯಲ್ಲೇ, ಬಸ್ಸಿಗೆ ಹೋಗಿ ಬರುವಷ್ಟು ಹತ್ತಿರದಲ್ಲಿ ಇದೆ.

ಈ ಗೋಡೆಯ ಮುಂದೆ ನಿಲ್ಲುವ ಮೊದಲು ಇತಿಹಾಸದ ಒಂದು ಎಳೆಯನ್ನು ತಿಳಿದುಕೊಂಡಿದ್ದರೆ ನೋಟ ಬದಲಾಗುತ್ತದೆ. ಪೊಳ್ಳಿಲೂರಿನಲ್ಲಿ ಸೆರೆಸಿಕ್ಕ ಬೇಯ್ಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ. ಅವನೊಂದಿಗೆ ಸೆರೆಸಿಕ್ಕು, ಇದೇ ಊರಿನಲ್ಲಿ ಮೂರು ವರ್ಷಕ್ಕೂ ಮೀರಿ ಬಂದಿಯಾಗಿದ್ದ ಡೇವಿಡ್ ಬೇರ್ಡ್, 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳಾಗಿ ಮರಳಿ ಬಂದ. ಟಿಪ್ಪು ಮಡಿದದ್ದು ಅಂದೇ. ಅನಂತರ ಈ ಅರಮನೆಯಲ್ಲಿ ವಾಸವಾಗಿದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್. ಮುತ್ತಿಗೆಗೆ ಮುಂಚೆಯೇ ಹಾಳಾಗಿದ್ದ ಈ ಚಿತ್ರವನ್ನು ಸರಿಪಡಿಸಿದವನೂ ಅವನೇ. ತನ್ನವರ ಸೋಲಿನ ಚಿತ್ರವನ್ನು ಗೆದ್ದವನೇ ಉಳಿಸಿಕೊಂಡನೆಂಬುದು ನನ್ನನ್ನು ಬಹಳ ಹೊತ್ತು ಅಲ್ಲೇ ನಿಲ್ಲಿಸಿತು. ಕಾಲಾನಂತರ ಅದು ಮತ್ತೆ ಅಳಿಸಿಹೋಗುವ ಸ್ಥಿತಿಗೆ ಬಂದಾಗ, ಗವರ್ನರ್ ಜನರಲ್ ಡಾಲ್‌ಹೌಸಿ ಮೂಲ ಚಿತ್ರದ ನೆನಪಿದ್ದ ಭಾರತೀಯ ಕಲಾವಿದನೊಬ್ಬನಿಂದ ಪುನಃ ಬರೆಸಿದ. ಆದ್ದರಿಂದ ನಾವಿಂದು ಕಾಣುವ ಎಲ್ಲ ಗೆರೆಗಳೂ 1784ರವಲ್ಲ.

ಪೂರ್ವದ ಗೋಡೆಯನ್ನು ಅನೇಕರು ನೋಡದೆಯೇ ಹೊರಟುಬಿಡುತ್ತಾರೆ. ಕನ್ನಡಿಗರಾದ ನಾವು ಹಾಗೆ ಮಾಡಬಾರದು. ಸಾಲು ಸಾಲಾಗಿ ಬಿಡಿಸಿದ ದರ್ಬಾರುಗಳಲ್ಲಿ ತಂಜಾವೂರು, ಕಾಶಿಯ ರಾಜರು ಮತ್ತು ಪೇಶ್ವೆ ಬಾಲಾಜಿರಾಯರ ಜೊತೆಗೆ ಮಾಗಡಿಯ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ, ಮೈಸೂರಿನ ಇಮ್ಮಡಿ ಕೃಷ್ಣರಾಜ ಒಡೆಯರ್ ಇದ್ದಾರೆ. ಹೈದರ್ ಚಿತ್ರದುರ್ಗವನ್ನು ವಶಪಡಿಸಿಕೊಂಡು ಮದಕರಿಯನ್ನು ಸೆರೆಹಿಡಿದದ್ದು 1779ರಲ್ಲಿ. ಅದಾಗಿ ಐದೇ ವರ್ಷಕ್ಕೆ ಕಟ್ಟಿದ ಅರಮನೆಯ ಗೋಡೆಯ ಮೇಲೆ ದುರ್ಗದ ನಾಯಕನಿಗೆ ದರ್ಬಾರಿನ ಮರ್ಯಾದೆ ದೊರೆತಿದೆ. ಒನಕೆ ಓಬವ್ವನ ಕಥೆ ಕೇಳಿ ಬೆಳೆದ ಮಕ್ಕಳನ್ನು ಕರೆದೊಯ್ದರೆ ಈ ಗೋಡೆಯ ಬಳಿಯಿಂದ ಶುರುಮಾಡಿ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಪ್ರವೇಶ ಉಚಿತ.

ಒಳಗಿನ ಕೋಣೆಗಳಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ನಾಣ್ಯಗಳು, ಪದಕಗಳು, ಟಿಪ್ಪುವಿನ ಮಕ್ಕಳ ಭಾವಚಿತ್ರಗಳು, ಆ ಕಾಲದ ಐರೋಪ್ಯರು ಬಿಡಿಸಿದ ಊರಿನ ಮತ್ತು ಕೋಟೆಯ ದೃಶ್ಯಗಳು ಇವೆ. ರಾಬರ್ಟ್ ಕೆರ್ ಪೋರ್ಟರ್ ಕೋಟೆಯ ಪತನವನ್ನು ಕುರಿತು ಬರೆದ ಚಿತ್ರವನ್ನು ಪೊಳ್ಳಿಲೂರಿನ ಗೋಡೆ ನೋಡಿದ ಮೇಲೆಯೇ ನೋಡಿ. ಹೊರಗೆ ನಮ್ಮವರು ಬರೆದ ಗೆಲುವು, ಒಳಗೆ ಇಂಗ್ಲಿಷರು ಬರೆದ ಗೆಲುವು; ಎರಡಕ್ಕೂ ನಡುವೆ ಹತ್ತು ಹೆಜ್ಜೆ. ಉಳಿದುದನ್ನು ಅವರವರ ಆಸಕ್ತಿಗೆ ತಕ್ಕಂತೆ ನೋಡಬಹುದು.

ಹೋಗುವ ದಿನವನ್ನು ಆರಿಸುವಾಗ ಪಂಚಾಂಗವನ್ನೂ ನೋಡಬೇಕು. ಅಮಾವಾಸ್ಯೆಯಂದು ನಿಮಿಷಾಂಬ ದೇವಸ್ಥಾನಕ್ಕೆ, ಮಹಾಲಯ ಅಮಾವಾಸ್ಯೆಯಂದು ಪಿತೃಕಾರ್ಯಕ್ಕಾಗಿ ನದೀತೀರಕ್ಕೆ ಜನ ನೆರೆಯುವುದರಿಂದ ಗಂಜಾಂ ರಸ್ತೆಯಲ್ಲಿ ವಾಹನ ಕದಲುವುದೇ ಕಷ್ಟ. ದಸರಾ ರಜೆ ಮತ್ತು ಭಾನುವಾರಗಳನ್ನೂ ಬಿಡುವುದು ಲೇಸು. ನವೆಂಬರಿನಿಂದ ಫೆಬ್ರವರಿವರೆಗಿನ ವಾರದ ದಿನವೊಂದರ ಬೆಳಿಗ್ಗೆ ಹೋದರೆ ಗೋಡೆಯ ಮುಂದೆ ನೀವೊಬ್ಬರೇ ನಿಲ್ಲುವ ಭಾಗ್ಯವೂ ಸಿಗಬಹುದು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ತಡೆರಹಿತ ಬಸ್ಸುಗಳು ಊರೊಳಗೆ ಬಾರದಿರಬಹುದಾದ್ದರಿಂದ, ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ. ಮಂಡ್ಯದ ಕಡೆಯಿಂದ ನಮಗೆ ಪ್ಯಾಸೆಂಜರ್ ರೈಲೇ ಅನುಕೂಲವಾಯಿತು. ನಿಲ್ದಾಣದಿಂದ ಆಟೋ ಹಿಡಿದೆವು. ತಿಂಡಿಯನ್ನು ಪೇಟೆಯಲ್ಲೇ ಮುಗಿಸಿಕೊಂಡು ಹೋಗಿ.

ವಯಸ್ಸಾದವರಿದ್ದರೆ ಗೇಟಿನಿಂದ ಅರಮನೆಯವರೆಗಿನ ನಡಿಗೆಯನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಚಾರ್‌ಬಾಗ್ ಮಾದರಿಯ, ಎಂದರೆ ನಾಲ್ಕು ಭಾಗಗಳಾಗಿ ವಿಂಗಡಿಸಿದ, ಈ ಉದ್ಯಾನದಲ್ಲಿ ನೇರವಾದ ದಾರಿ, ಎರಡೂ ಪಕ್ಕ ಹುಲ್ಲುಹಾಸು, ಅಂಚಿನಲ್ಲಿ ಹಳೆಯ ಮರಗಳಿವೆ. ನಮ್ಮ ತಾಯಿಯವರು ಮರದ ನೆರಳಿನಲ್ಲಿ ಎರಡು ಕಡೆ ಕುಳಿತು ಸುಧಾರಿಸಿಕೊಂಡರು. ಚಿತ್ರಗಳನ್ನೆಲ್ಲ ನೋಡಿ ಗೇಟಿನ ಹತ್ತಿರ ಬಂದ ಮೇಲೆ, ಆ ಹೂ ಹಿಡಿದವನ ಆನೆಯನ್ನು ಇನ್ನೊಂದು ಸಲ ನೋಡಬೇಕೆಂದರು. ಹಿಂದಿರುಗಿ ಜಗುಲಿ ಹತ್ತಿದೆವು.