ನಾಲ್ಕು ಸೀಸನ್ ಬಳಸಿದ ಮೇಲೆ: ನಿಧಾನ ಡ್ರಾಫ್ಟ್ ಇರುವ ಫ್ಯಾಂಟಸಿ ಹಾಕಿ ಆ್ಯಪ್

ರೇಟಿಂಗ್: 5ಕ್ಕೆ 4
ಬಳಸುತ್ತಿರುವುದು: 2022ರಿಂದ, ಹುಬ್ಬಳ್ಳಿಯಲ್ಲಿ

ನಮ್ಮದು ಹತ್ತು ಜನರ ಲೀಗ್. ಹುಬ್ಬಳ್ಳಿಯಲ್ಲಿ ಮೂವರು, ಧಾರವಾಡದಲ್ಲಿ ಇಬ್ಬರು, ಗದಗದಲ್ಲಿ ಒಬ್ಬ, ಬೆಂಗಳೂರಿನಲ್ಲಿ ಒಬ್ಬಳು. ಉಳಿದ ಮೂವರು ಟೊರೊಂಟೊದಲ್ಲಿ. ಅವರಲ್ಲಿ ಒಬ್ಬ ನನ್ನ ಅಕ್ಕನ ಮಗ. ಕೆಲಸಕ್ಕೆಂದು ಕೆನಡಾಕ್ಕೆ ಹೋದವನು ಮೊದಲ ಚಳಿಗಾಲದಲ್ಲೇ ಐಸ್ ಹಾಕಿ ಹಚ್ಚಿಕೊಂಡ, ನಮಗೂ ಹಚ್ಚಿಸಿದ. ನಾವೆಲ್ಲ ಶಾಲೆಯಲ್ಲಿ ಹಾಕಿ ಆಡಿದವರೇ. ಮಣ್ಣಿನ ಮೈದಾನದ ಬದಲು ಮಂಜುಗಡ್ಡೆ, ಚೆಂಡಿನ ಬದಲು ಪಕ್. ಆಟ ಅರ್ಥವಾಗಲು ಜಾಸ್ತಿ ದಿನ ಬೇಕಾಗಲಿಲ್ಲ.

ಲೀಗ್ ನಡೆಸುವ ಕಮಿಷನರ್ ನಾನೇ. ಹಾಗಾಗಿ ಈ ವಿಮರ್ಶೆ ಆಡುವವರಿಗಿಂತ ನಡೆಸುವವರಿಗೆ ಜಾಸ್ತಿ ಉಪಯೋಗವಾಗಬಹುದು.

ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಕ್ರಿಕೆಟ್ ಫ್ಯಾಂಟಸಿ. ಅದರಲ್ಲಿ ಒಬ್ಬನೇ ಆಟಗಾರನನ್ನು ಸಾವಿರ ಜನ ಆರಿಸಬಹುದು. ಡ್ರಾಫ್ಟ್ ಲೀಗ್‌ನಲ್ಲಿ, ಅಂದರೆ ಸೀಸನ್‌ಗೆ ಮೊದಲು ಸರದಿಯಂತೆ ಆಟಗಾರರನ್ನು ಹಂಚಿಕೊಳ್ಳುವ ಲೀಗ್‌ನಲ್ಲಿ, ಹಾಗಲ್ಲ. ಐಸ್ ಹಾಕಿಯ ದೊಡ್ಡ ಸ್ಟಾರ್ ಕಾನರ್ ಮೆಕ್‌ಡೇವಿಡ್ ಒಬ್ಬರ ಟೀಮಿಗೆ ಹೋದರೆ ಉಳಿದ ಒಂಬತ್ತು ಜನರಿಗೆ ಅವನು ಇಲ್ಲ. ಆರಿಸುವ ಸರದಿ ಹಾವಿನಂತೆ ತಿರುಗುತ್ತದೆ. ಮೊದಲ ಸುತ್ತಿನಲ್ಲಿ 1ರಿಂದ 10, ಎರಡನೆಯದರಲ್ಲಿ 10ರಿಂದ 1. ಮೊದಲ ಆಟಗಾರನನ್ನು ಆರಿಸಿದವರಿಗೆ ಮುಂದಿನ ಸರದಿ 20 ಮತ್ತು 21ಕ್ಕೆ. 2022ರಲ್ಲಿ ಧಾರವಾಡದ ಗೆಳೆಯನಿಗೆ ಮೊದಲ ಸರದಿ ಸಿಕ್ಕಿತು, ಮೆಕ್‌ಡೇವಿಡ್‌ನನ್ನು ತಗೊಂಡ. ಆ ಸೀಸನ್‌ನಲ್ಲಿ ಮೆಕ್‌ಡೇವಿಡ್ 64 ಗೋಲು ಹೊಡೆದು, 89 ಗೋಲಿಗೆ ನೆರವಾಗಿ 153 ಪಾಯಿಂಟ್ ಮಾಡಿದ. ಧಾರವಾಡದವರು ಇನ್ನೂ ಆ ಸಂಖ್ಯೆ ಮರೆತಿಲ್ಲ.

ಆದರೆ ಆ ಮೊದಲ ಡ್ರಾಫ್ಟ್ ನನಗೆ ನೆನಪಿರುವುದು ಬೇರೆ ಕಾರಣಕ್ಕೆ. ಅದು ಲೈವ್ ಡ್ರಾಫ್ಟ್. ಎಲ್ಲರೂ ಒಂದೇ ಹೊತ್ತಿಗೆ ಕೂರಬೇಕು, ಪ್ರತಿ ಸರದಿಗೆ 90 ಸೆಕೆಂಡ್. ಟೊರೊಂಟೊದಲ್ಲಿ ಶನಿವಾರ ರಾತ್ರಿ 9, ನಮಗೆ ಭಾನುವಾರ ಬೆಳಗ್ಗೆ ಆರೂವರೆ. ಆರನೇ ಸುತ್ತಿಗೆ ಬರುವಷ್ಟರಲ್ಲಿ ಗದಗದಲ್ಲಿ ಮಳೆ, ಕರೆಂಟ್ ಇಲ್ಲ, ಮೊಬೈಲ್ ನೆಟ್ ಕೂಡ ಬಿತ್ತು. ನಾಲ್ಕು ಸುತ್ತು ಆ್ಯಪ್ ತಾನೇ ಅವನ ಪರವಾಗಿ ಆಟಗಾರರನ್ನು ಆರಿಸಿತು. ಸ್ವಲ್ಪ ಹೊತ್ತಿಗೆ ಅವನ ಫೋನ್ ಬಂತು. "ಅಣ್ಣಾ, ಕರೆಂಟ್ ಹೋಗಿತ್ತು. ನನ್ನ ಪಿಕ್ ಏನಾತು?" ಆ್ಯಪ್ ಆರಿಸಿದವರಲ್ಲಿ ಕೊಲರಾಡೊ ತಂಡದ ಕ್ಯಾಪ್ಟನ್ ಗೇಬ್ರಿಯಲ್ ಲ್ಯಾಂಡೆಸ್ಕಾಗ್ ಇದ್ದ. ಒಳ್ಳೆಯ ಆಟಗಾರ, ಆದರೆ ಮೊಣಕಾಲಿನ ತೊಂದರೆಯಿಂದ ಆ ಸೀಸನ್ ಪೂರ್ತಿ ಒಂದೂ ಆಟ ಆಡಲಿಲ್ಲ. ಗೆಳೆಯ ಏಪ್ರಿಲ್‌ವರೆಗೂ ತಳದಲ್ಲೇ ಉಳಿದ. ಅವನು ತಿಂಗಳುಗಟ್ಟಲೆ ಕೂತು ಪಟ್ಟಿ ಬರೆದಿದ್ದ. ಒಂದು ಮಳೆಗೆ ಅದೆಲ್ಲ ಹೋಯಿತು. ನನಗೆ ತುಂಬಾ ಬೇಜಾರಾಯಿತು.

ಮರುವರ್ಷ ಸೆಟ್ಟಿಂಗ್ಸ್‌ನಲ್ಲಿ ಕೆಳಗೆಲ್ಲೋ ನಿಧಾನ ಡ್ರಾಫ್ಟ್ ಅನ್ನುವುದು ಕಣ್ಣಿಗೆ ಬಿತ್ತು. ಈ ಆ್ಯಪ್ ಬಿಡದೆ ಇಟ್ಟುಕೊಂಡಿರುವುದು ಅದೊಂದಕ್ಕೇ. ಇದರಲ್ಲಿ ಪ್ರತಿ ಸರದಿಗೆ ಗಂಟೆಗಟ್ಟಲೆ ಸಮಯ ಕೊಡಬಹುದು. ನಿಮ್ಮ ಸರದಿ ಬಂದಾಗ ಫೋನಿಗೆ ಸೂಚನೆ ಬರುತ್ತದೆ. ಅಂಗಡಿಯಲ್ಲಿದ್ದರೆ ಗಿರಾಕಿ ಹೋದ ಮೇಲೆ ಆರಿಸಿ, ಬಸ್ಸಿನಲ್ಲಿದ್ದರೆ ಇಳಿದು ಆರಿಸಿ.

ಎಷ್ಟು ಗಂಟೆ ಕೊಡಬೇಕು ಅನ್ನುವುದರಲ್ಲಿ ನಾನು ಮೊದಲು ತಪ್ಪು ಮಾಡಿದೆ. 4 ಗಂಟೆ ಸಾಕು ಅಂದುಕೊಂಡೆ. ಸೆಪ್ಟೆಂಬರ್‌ನಲ್ಲಿ ಟೊರೊಂಟೊ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ನಮ್ಮ ಬೆಳಗಿನ 10ರಿಂದ ಸಂಜೆ ನಾಲ್ಕೂವರೆವರೆಗೆ ಅವರು ಮಲಗಿರುತ್ತಾರೆ. ಅಕ್ಕನ ಮಗ ನಿದ್ದೆಯಲ್ಲಿದ್ದಾಗ ಅವನ ಎರಡು ಸರದಿ ಕಳೆದುಹೋದವು. ರಾತ್ರಿ ಡ್ರಾಫ್ಟ್ ನಿಲ್ಲಿಸುವ ಸೌಲಭ್ಯವೂ ಇದೆ, ಆದರೆ ಯಾರ ರಾತ್ರಿ? ಅವರಿಗೂ ನಮಗೂ ಎರಡೂ ರಾತ್ರಿ ನಿಲ್ಲಿಸಿದರೆ ದಿನದಲ್ಲಿ ಉಳಿಯುವ ಹೊತ್ತೇ ಕಡಿಮೆ. ಈಗ 8 ಗಂಟೆ ಇಟ್ಟು, ನಿಲ್ಲಿಸುವುದನ್ನು ಪೂರ್ತಿ ತೆಗೆದಿದ್ದೇನೆ. ಯಾರ ನಿದ್ದೆಯೂ ಕೆಡುವುದಿಲ್ಲ. ಒಂದು ಟೀಮಿಗೆ 18 ಆಟಗಾರರು, ಒಟ್ಟು 180 ಸರದಿ. 2025ರಲ್ಲಿ ಸೆಪ್ಟೆಂಬರ್ 15ಕ್ಕೆ ಶುರು ಮಾಡಿ ಆಯುಧ ಪೂಜೆಯ ದಿನ, ಅಕ್ಟೋಬರ್ 1ಕ್ಕೆ ಮುಗಿಸಿದೆವು. ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) ಸೀಸನ್ ಶುರುವಾಗಿದ್ದು 7ಕ್ಕೆ. ಸರಿಹೋಯಿತು.

ಆ ಹದಿನಾರು ದಿನ ನಮ್ಮ ಗುಂಪಿನಲ್ಲಿ ನಡೆಯುವ ಮಾತು ಸೀಸನ್‌ನಲ್ಲೂ ನಡೆಯುವುದಿಲ್ಲ. ಗೋಲ್‌ಕೀಪರ್ ಯಾವಾಗ ತಗೋಬೇಕು ಅನ್ನುವುದಕ್ಕೇ ಎರಡು ದಿನ ಬೇಕು. 32 ತಂಡ, ಒಂದೊಂದು ತಂಡಕ್ಕೆ ಒಬ್ಬನೇ ಮುಖ್ಯ ಗೋಲ್‌ಕೀಪರ್. ನಾವು ಹತ್ತು ಜನ ತಲಾ ಇಬ್ಬರನ್ನು ಹಿಡಿದರೆ 20 ಹೋದವು. ವಿನ್ನಿಪೆಗ್‌ನ ಕಾನರ್ ಹೆಲ್ಲಬಕ್‌ನಂಥವನು ಒಬ್ಬ ಹೋದ ಕೂಡಲೇ ಎಲ್ಲರೂ ಗೋಲ್‌ಕೀಪರ್ ಹಿಂದೆ ಬೀಳುತ್ತಾರೆ. ಲೈವ್‌ನಲ್ಲಿ ಅದು ಬರೀ ಗಾಬರಿ. ನಿಧಾನ ಡ್ರಾಫ್ಟ್‌ನಲ್ಲಿ ಯೋಚನೆ ಮಾಡಲು ಹೊತ್ತು ಸಿಗುತ್ತದೆ.

ಅಂಕದ ನಿಯಮವನ್ನು ಆ್ಯಪ್ ಕೊಟ್ಟಂತೆ ಬಿಡಬೇಡಿ, ಕೂತು ಬದಲಿಸಿ. ಪ್ಲಸ್-ಮೈನಸ್ (ಆಟಗಾರ ಐಸ್ ಮೇಲಿದ್ದಾಗ ತಂಡ ಹೊಡೆದ ಗೋಲಿಗೂ ಬಿಟ್ಟುಕೊಟ್ಟ ಗೋಲಿಗೂ ಇರುವ ವ್ಯತ್ಯಾಸದ ಲೆಕ್ಕ) ತೆಗೆದುಬಿಟ್ಟೆವು, ಅದರಲ್ಲಿ ಆಟಗಾರನಿಗಿಂತ ಅವನ ತಂಡದ ಪಾಲೇ ಜಾಸ್ತಿ. ಹಿಟ್ಸ್ (ಪಕ್ ಇರುವ ಎದುರಾಳಿಗೆ ಮೈಯಿಂದ ಗುದ್ದುವುದು) ಸೇರಿಸಿದೆವು, ಒಟ್ಟಾವದ ಬ್ರೇಡಿ ಟ್ಕಾಚಕ್ ಒಮ್ಮೆಲೇ ಮೇಲೆ ಬಂದ. ಪವರ್ ಪ್ಲೇ ಪಾಯಿಂಟ್, ಅಂದರೆ ಎದುರಾಳಿ ಆಟಗಾರ ಪೆನಾಲ್ಟಿಯಿಂದ ಹೊರಗೆ ಕೂತಿರುವಾಗ ಬರುವ ಪಾಯಿಂಟ್, ಮಾತ್ರ ಬಿಡಬಾರದು. ನಮ್ಮ ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಹೊಡೆಯುವವನಿಗೆ ಇರುವ ಬೆಲೆ ಅಲ್ಲಿ ಪವರ್ ಪ್ಲೇ ಆಟಗಾರನಿಗೆ. 2024ರ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷಕ್ಕೆ ಹೋಗಿದ್ದು ಸುಮ್ನೆ ಅಲ್ಲ, ಅಲ್ವಾ?

ಕಮಿಷನರ್‌ಗೆ ಸರದಿ ಹಿಂದಕ್ಕೆ ತಗೊಳ್ಳುವ ಅಧಿಕಾರ ಕೊಟ್ಟಿದ್ದಾರೆ, ಒಳ್ಳೆಯದು. 2023ರಲ್ಲಿ ಎನ್‌ಎಚ್‌ಎಲ್‌ನಲ್ಲಿ ಇಬ್ಬರು ಸೆಬಾಸ್ಟಿಯನ್ ಅಹೊ ಇದ್ದರು. ಒಬ್ಬ ಕ್ಯಾರೊಲಿನಾದ ದೊಡ್ಡ ಫಾರ್ವರ್ಡ್, ಇನ್ನೊಬ್ಬ ಐಲ್ಯಾಂಡರ್ಸ್‌ನ ಡಿಫೆಂಡರ್. ಬೆಂಗಳೂರಿನ ತಂಗಿ ಎರಡನೆಯವನ ಮೇಲೆ ಒತ್ತಿಬಿಟ್ಟಳು. ಮುಂದಿನವರು ಆರಿಸುವ ಮೊದಲೇ ಹೇಳಿದ್ದರಿಂದ ಸರಿಪಡಿಸಿದೆ. ಅವತ್ತಿನಿಂದ ಅದೇ ನಮ್ಮ ನಿಯಮ: ಮುಂದಿನ ಸರದಿ ಆಗುವುದರೊಳಗೆ ಹೇಳಿದರೆ ಉಂಟು, ಆಮೇಲೆ ಇಲ್ಲ. ವ್ಯಾಂಕೂವರ್‌ನಲ್ಲಿ ಇಬ್ಬರು ಎಲಿಯಾಸ್ ಪೆಟರ್ಸನ್ ಆದ ಮೇಲೆ ಈ ನಿಯಮ ಇನ್ನೂ ಬೇಕಾಯಿತು.

ಒಂದು ಸ್ಟಾರ್ ಕಳೆದಿದ್ದಕ್ಕೆ ಕಾರಣಗಳಿವೆ. ಇಮೇಲ್‌ನಲ್ಲಿ ಬರುವ ಸಮಯ ಅಮೆರಿಕದ್ದೇ. ಅಲ್ಲಿ ಸಂಜೆ 7ಕ್ಕೆ ಶುರುವಾಗುವ ಆಟ ಅಕ್ಟೋಬರ್‌ನಲ್ಲಿ ನಮಗೆ ಬೆಳಗಿನ ನಾಲ್ಕೂವರೆ. ನವೆಂಬರ್ ಮೊದಲ ಭಾನುವಾರ ಅವರ ಗಡಿಯಾರ ಹಿಂದೆ ಹೋದ ಮೇಲೆ ಐದೂವರೆ. ಪ್ರತಿ ವರ್ಷ ಇದನ್ನು ನಾನೇ ಗುಂಪಿಗೆ ನೆನಪಿಸಬೇಕು. 2026ರ ಫೆಬ್ರುವರಿಯಲ್ಲಿ ಒಲಿಂಪಿಕ್ಸ್‌ಗಾಗಿ ಎನ್‌ಎಚ್‌ಎಲ್ ನಿಂತಾಗ ಖಾಲಿ ವಾರವನ್ನೂ ಆ್ಯಪ್ ನಮ್ಮ ಟೀಮುಗಳ ನಡುವಿನ ಪಂದ್ಯವೆಂದು ಎಣಿಸಿ ಎಲ್ಲರಿಗೂ ಡ್ರಾ ಕೊಟ್ಟಿತು. ವಾರಗಳನ್ನು ಕೈಯಿಂದ ಜೋಡಿಸಿದೆ. ಸಹಾಯಕ್ಕೆ ಬರೆದರೆ ಉತ್ತರ ಬರಲು ಒಂಬತ್ತು ದಿನ. ಕನ್ನಡ ಇಲ್ಲ, ಇದ್ದಿದ್ದರೆ ಧಾರವಾಡದ ನಮ್ಮ ಮಾವ ಒಬ್ಬರೇ ಆಡುತ್ತಿದ್ದರು. ಈಗ ಮಗನನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಾರೆ.

ದುಡ್ಡಿನ ವಿಷಯ: ಆ್ಯಪ್ ಉಚಿತ, ನಾವೂ ಒಂದು ರೂಪಾಯಿ ಕಟ್ಟುವುದಿಲ್ಲ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದಾಗ ನಮಗೆ ಏನೂ ಬದಲಾಗಲಿಲ್ಲ. ಗೆದ್ದವರಿಗೆ ಒಂದು ಕಿಲೋ ಧಾರವಾಡ ಪೇಡಾ. ಟೊರೊಂಟೊದವರು ಗೆದ್ದರೆ ಅವರ ಅವ್ವನ ಮನೆಗೆ ಹೋಗಿ ಕೊಡುತ್ತೇವೆ.

ಲ್ಯಾಂಡೆಸ್ಕಾಗ್ ಸುಮಾರು ಮೂರು ವರ್ಷದ ನಂತರ, 2025ರ ಏಪ್ರಿಲ್‌ನಲ್ಲಿ ಪ್ಲೇಆಫ್‌ಗೆ ಮರಳಿ ಬಂದ. ಆ ಬೆಳಗ್ಗೆ ಗದಗದ ಗೆಳೆಯ ನಮ್ಮೆಲ್ಲರಿಗಿಂತ ಮೊದಲು ಎದ್ದಿದ್ದ. ಅಕ್ಟೋಬರ್ 1ರಂದು 18ನೇ ಸುತ್ತಿನಲ್ಲಿ ಅವನ ಸರದಿ ಬಂದಾಗ ಇನ್ನೂ ಏಳು ಗಂಟೆ ಸಮಯ ಉಳಿದಿತ್ತು. ಅವನು ಕಾಯಲಿಲ್ಲ, ಲ್ಯಾಂಡೆಸ್ಕಾಗ್ ಹೆಸರಿನ ಮೇಲೆ ಒತ್ತಿ ಗುಂಪಿಗೆ ಬರೆದ: "ಈ ಸಲ ನಾನ ಆರಿಸೇನಿ ನೋಡಣ್ಣಾ."