ಹದಿನೈದು ನಿಲ್ದಾಣ, ಹದಿನೈದು ಹಾಡು: ‘ಸರ್ಫ್ ಬುಂಗಾಕು ಕಾಮಾಕುರಾ’ ಪೂರ್ಣ ಆವೃತ್ತಿ

ಜಪಾನಿನ ರಾಕ್ ತಂಡ ಏಷ್ಯನ್ ಕುಂಗ್-ಫು ಜನರೇಷನ್ ಹೊರದೇಶದ ಹಲವರಿಗೆ ಪರಿಚಯವಾದದ್ದು ಅನಿಮೆಯಿಂದ, ಅಂದರೆ ಜಪಾನಿ ಅನಿಮೇಷನ್ ಸರಣಿಗಳಿಂದ. ನರುಟೊಗೆ ‘ಹರುಕಾ ಕನತಾ’, ಫುಲ್‌ಮೆಟಲ್ ಆಲ್ಕೆಮಿಸ್ಟ್‌ಗೆ ‘ರೀರೈಟ್’. ಆ ಎರಡು ಹಾಡುಗಳಾಚೆ ಹೋಗದವರು ಮುಂದೆ ಕೇಳಬೇಕಾದ ಆಲ್ಬಂ ಇದೇ.

ಟೋಕಿಯೊದ ದಕ್ಷಿಣಕ್ಕೆ, ಫುಜಿಸಾವಾದಿಂದ ಕಾಮಾಕುರಾದವರೆಗೆ 10 ಕಿ.ಮೀ. ಓಡುವ ಪುಟ್ಟ ರೈಲು ಎನೊಡೆನ್. ದಾರಿಯಲ್ಲಿ ಸ್ವಲ್ಪ ದೂರ ರಸ್ತೆಯ ಮೇಲೆ, ಇನ್ನು ಸ್ವಲ್ಪ ದೂರ ಕಡಲ ಪಕ್ಕದಲ್ಲೇ ಸಾಗುತ್ತದೆ. 1996ರಲ್ಲಿ ಯೊಕೊಹಾಮಾದ ಕಾಂಟೊ ಗಾಕುಯಿನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ತಂಡಕ್ಕೆ ಅದು ತಮ್ಮದೇ ಕನಗಾವಾ ಜಿಲ್ಲೆಯ ರೈಲು. 2008ರ ಮೊದಲ ಆವೃತ್ತಿಯಲ್ಲಿ ಅದರ 10 ನಿಲ್ದಾಣಗಳಿಗೆ ಒಂದೊಂದು ಹಾಡು ಕಟ್ಟಿದರು, ಐದು ಬಾಕಿ ಉಳಿದವು. 2023ರ ಜುಲೈ ತಿಂಗಳ ಪೂರ್ಣ ಆವೃತ್ತಿಯಲ್ಲಿ ಆ ಐದೂ ಸೇರಿವೆ, ಹಳೆಯ ಹತ್ತನ್ನೂ ಮತ್ತೆ ನುಡಿಸಿದ್ದಾರೆ. ಹೊಸ ಐದರಲ್ಲಿ ಎರಡಕ್ಕೆ ನಿಲ್ದಾಣದ ಹಳೆಯ ಹೆಸರನ್ನೇ ಇಟ್ಟಿದ್ದಾರೆ. ಶೊನಾನ್ ಕೈಗನ್ ಕೊಯೆನ್ ನಿಲ್ದಾಣದ ಹಾಡು ‘ನಿಶಿಕಟಾ ಕೋಸ್ಟ್ ಸ್ಟೋರಿ’. ಈಗಿನ ನಕ್ಷೆ ಹಿಡಿದು ಹುಡುಕಿದರೆ ಆ ಹೆಸರು ಸಿಗುವುದಿಲ್ಲ.

ಎರಡು ಆವೃತ್ತಿಗಳಲ್ಲಿ ಯಾವುದನ್ನು ಕೊಳ್ಳಬೇಕು? 2008ರದನ್ನು ಬಹುಪಾಲು ಒಂದೇ ಏಟಿಗೆ, ನಾಲ್ವರೂ ಒಟ್ಟಿಗೆ ನುಡಿಸಿ ಧ್ವನಿಮುದ್ರಿಸಿದರು. ಗಿಟಾರಿನ ಒರಟು, ಡ್ರಮ್ಮಿನ ಅವಸರ ಎಲ್ಲ ಹಾಗೇ ಉಳಿದಿವೆ. ಹೊಸದರಲ್ಲಿ ಬೇಸ್ ಗಟ್ಟಿ, ಎರಡು ಗಿಟಾರ್‌ಗಳು ಬಿಡಿಬಿಡಿಯಾಗಿ ಕೇಳುತ್ತವೆ, ಗಾಯಕ ಮಸಾಫುಮಿ ಗೊಟೊ ಅವರ ದನಿ ಮಾಗಿದೆ. ‘ಫುಜಿಸಾವಾ ಲೂಸರ್’ಗೆ ಹಳೆಯದರ ಹುಮ್ಮಸ್ಸೇ ಚೆಂದ. ಆದರೂ ಮೊದಲ ಸಲ ಕೇಳುವವರಿಗೆ ಪೂರ್ಣ ಆವೃತ್ತಿಯೇ ಸರಿ, ಏಕೆಂದರೆ ಪಯಣ ಎಲ್ಲೂ ತುಂಡಾಗುವುದಿಲ್ಲ. ಹತ್ತು ಹಾಡುಗಳ ಹೆಸರು ಎರಡರಲ್ಲೂ ಒಂದೇ ಆದ್ದರಿಂದ, ಕೊಳ್ಳುವಾಗ 15 ಹಾಡು ಇವೆಯೇ ಎಂದು ಎಣಿಸಿಕೊಳ್ಳಿ.

ಷಫಲ್ ಹಾಕಿ ಕೇಳಬೇಡಿ, ನಿಲ್ದಾಣಗಳ ಕ್ರಮ ಕೆಟ್ಟರೆ ಊರೇ ಕಲಸಿಹೋಗುತ್ತದೆ. ರೈಲಿನಲ್ಲೇ ಕೂತು ಕೇಳುವವರಿಗೂ ಒಂದು ತೊಡಕಿದೆ: ಇಡೀ ದಾರಿ ಸುಮಾರು 35 ನಿಮಿಷದ್ದು, ಹದಿನೈದು ಹಾಡು ಅಷ್ಟರಲ್ಲಿ ಮುಗಿಯುವುದಿಲ್ಲ. ಎನೊಶಿಮಾದಲ್ಲಿ ಇಳಿದು ದ್ವೀಪಕ್ಕೆ ನಡೆಯಿರಿ. ‘ಎನೊಶಿಮಾ ಎಸ್ಕಾರ್’ ಹಾಡಿನ ಹೆಸರಲ್ಲಿರುವುದು ಅಲ್ಲಿನ ಎಸ್ಕಲೇಟರ್. ಅದು ಮೇಲಕ್ಕೆ ಮಾತ್ರ ಒಯ್ಯುತ್ತದೆ. ಇಳಿಯುವಾಗ ಮೆಟ್ಟಿಲೇ ಗತಿ, ಅಲ್ಲಿ ಇನ್ನೆರಡು ಹಾಡಿಗೆ ಸಮಯ ಸಿಗುತ್ತದೆ.